ಮುದ್ರೆ ಯಾರ ಕೈಯಲ್ಲಿದೆ?

ಬೀದರ ನಗರದ ಚೌಬಾರ ಗೋಪುರದಿಂದ ಕೋಟೆಯ ಕಡೆಗೆ ಸಾಗುವ ಹಾದಿಯಲ್ಲಿ, ಬಣ್ಣದ ಬಿಲ್ಲೆಗಳು ಬಹುಮಟ್ಟಿಗೆ ಉದುರಿಹೋಗಿ, ಒಂದೇ ಮಿನಾರನ್ನು ಉಳಿಸಿಕೊಂಡು ನಿಂತಿರುವ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನನು, ಇರಾನಿನ ಗಿಲಾನ್ ಪ್ರಾಂತದಿಂದ ವರ್ತಕನಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯ ಪದವಿಗೇರಿದವನು. ಪತ್ರಲೇಖನದ ಕಲೆಯಲ್ಲಿ ಅವನಿಗಿದ್ದ ಪ್ರಭುತ್ವಕ್ಕೆ ಅವನ ಪತ್ರಗಳ ಸಂಕಲನವಾದ ‘ರಿಯಾಜ್-ಉಲ್-ಇನ್ಶಾ’ ಇಂದಿಗೂ ಸಾಕ್ಷಿಯಾಗಿದೆ. ಅಂಥವನು ಪ್ರಾಣ ಕಳೆದುಕೊಂಡುದು ತಾನು ಬರೆಯದ ಒಂದು ಪತ್ರದ ದೆಸೆಯಿಂದ.

ಈ ವೃತ್ತಾಂತವನ್ನು ನೂರು ವರ್ಷಕ್ಕೂ ಮಿಗಿಲಾದ ಕಾಲದ ಮೇಲೆ ಬರೆದಿಟ್ಟ ಇತಿಹಾಸಕಾರ ಫಿರಿಸ್ತನ ಪ್ರಕಾರ, ಗವಾನನ ಏಳಿಗೆಯನ್ನು ಸಹಿಸಲಾರದ ಸರದಾರರು ಅವನ ಮೊಹರನ್ನು ಕಾಯುತ್ತಿದ್ದ ಸೇವಕನ ಸ್ನೇಹವನ್ನು ಉಡುಗೊರೆಗಳಿಂದ ಸಂಪಾದಿಸಿ, ಒಂದು ದಿನ ಅವನು ಮದ್ಯದ ಅಮಲಿನಲ್ಲಿದ್ದಾಗ ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಇದು ಸ್ನೇಹಿತರೊಬ್ಬರ ಲೆಕ್ಕದ ಕಾಗದವೆಂದೂ, ಉಳಿದ ಅಧಿಕಾರಿಗಳ ಗುರುತುಗಳೆಲ್ಲ ಬಿದ್ದು ಮಂತ್ರಿಯ ಮೊಹರೊಂದೇ ಬಾಕಿಯೆಂದೂ ನಂಬಿಸಿದರು. ಸೇವಕನು ಬಿಚ್ಚಿ ನೋಡದೆಯೇ ಮೊಹರನ್ನು ಒತ್ತಿದನು. ಕಾಗದ ಖಾಲಿಯಾಗಿತ್ತು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ರಾಜದ್ರೋಹದ ಒಕ್ಕಣೆಯನ್ನು ಅದರ ಮೇಲೆ ಬರೆದು ಸುಲ್ತಾನ ಮೂರನೆಯ ಮಹಮ್ಮದ್ ಷಾಹನ ಮುಂದಿಟ್ಟಾಗ, ತಾನೂ ಕುಡಿದಿದ್ದ ಆ ದೊರೆಯು ಮಂತ್ರಿಯನ್ನು ಕರೆಸಿ ಕೇಳಿದನು, ಮೊಹರು ತನ್ನದೇ ಹೌದೆಂದೂ ಬರೆಹ ಮಾತ್ರ ತನ್ನದಲ್ಲವೆಂದೂ ಗವಾನನು ಬಿನ್ನವಿಸಿದನು, ಸುಲ್ತಾನನು ಕೇಳಲಿಲ್ಲ. 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯ ಬಿಡಾರದಲ್ಲಿ, ವೃದ್ಧ ಮಂತ್ರಿಯ ಶಿರಚ್ಛೇದವಾಯಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡನು, ಮತ್ತೆ ಕೆಲವು ದಶಕಗಳಲ್ಲಿ ರಾಜ್ಯವು ಐದು ಹೋಳಾಯಿತು.

ಮತ್ಸರದ ಕಥೆಯೆಂದೋ ಮದ್ಯಪಾನದ ಅನರ್ಥದ ಕಥೆಯೆಂದೋ ಇದನ್ನು ಹೇಳುವುದು ರೂಢಿ. ಗಣಕಗಳ ಸುರಕ್ಷತೆಯನ್ನು ಅಭ್ಯಾಸಮಾಡುವವರಿಗಾದರೋ ಇದರಲ್ಲಿ ಬೇರೊಂದು ಅಂಶ ಕಣ್ಣಿಗೆ ಬೀಳುವುದು. ಮೊಹರಿನ ಕೆತ್ತನೆಯಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಯಾರೂ ನಕಲು ಮಾಡಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ. ಅಧಿಕಾರದ ಗುರುತು ಅಧಿಕಾರಿಯ ಕೈಯಿಂದ ಮತ್ತೊಬ್ಬನ ಕೈಗೆ ನಿತ್ಯದ ಅನುಕೂಲಕ್ಕಾಗಿ ಹೋಗಿತ್ತು. ಆ ಮತ್ತೊಬ್ಬನು ಓದದೆ ಒತ್ತಿದನು. ಒತ್ತಿದವನಾರೆಂಬುದನ್ನು ಮೊಹರು ಹೇಳಲಾರದಾಯಿತು. 

ಇಂದು ಬೀದರ ಜಿಲ್ಲೆಯ ಯಾವುದೇ ಕಚೇರಿಯಲ್ಲಿ ಆ ಮೊಹರಿನ ಸ್ಥಾನದಲ್ಲಿ ಕುಳಿತಿರುವುದು ಪಾಸ್‌ವರ್ಡು. ನಾಡಕಚೇರಿಯಿಂದ ಹೊರಡುವ ಜಾತಿ ಮತ್ತು ಆದಾಯದ ಪ್ರಮಾಣಪತ್ರ, ತಹಶೀಲ್ ಕಚೇರಿಯ ಪಹಣಿ, ಗ್ರಾಮಪಂಚಾಯಿತಿಯ ಇ-ಸ್ವತ್ತು, ಶಿಕ್ಷಕರ ಸಂಬಳದ ಬಿಲ್ಲು ಹೊರಡುವ ಎಚ್‌ಆರ್‌ಎಂಎಸ್, ಸರ್ಕಾರದ ಹಣ ಹರಿಯುವ ಖಜಾನೆ-2, ಈಚೆಗೆ ಗಣಕೀಕರಣಗೊಳ್ಳುತ್ತಿರುವ ಕೃಷಿ ಪತ್ತಿನ ಸಹಕಾರ ಸಂಘಗಳ ಸಾಲದ ಖಾತೆ, ಇವೆಲ್ಲಕ್ಕೂ ಒಂದೊಂದು ಲಾಗಿನ್ ಉಂಟು. ಆ ಲಾಗಿನ್ನಿನ ಒಡೆಯನೊಬ್ಬನುಂಟು. ಆ ಪಾಸ್‌ವರ್ಡನ್ನು ನಿಜವಾಗಿ ಒತ್ತುವವನು ಬಹಳ ಸಲ ಬೇರೊಬ್ಬನು. ಇದು ಇಂಥದೇ ಕಚೇರಿಯ ಮಾತಲ್ಲ, ನಾಡಿನುದ್ದಕ್ಕೂ ಕಾಣುವ ನೋಟ. ಸಾಹೇಬರು ಜಿಲ್ಲಾ ಕೇಂದ್ರದಲ್ಲಿ ಮೀಟಿಂಗಿಗೆ ಕುಳಿತಿರುವಾಗ, ನಲವತ್ತು ಕಿಲೋಮೀಟರಿನಾಚೆ ಕೌಂಟರಿನ ಮುಂದೆ ಸಾಲು ಬೆಳೆದು, ಆಪರೇಟರನು ಫೋನು ಮಾಡಿ, “ಸರ್, ನಿಮ್ಮ ಮೊಬೈಲಿಗಿ ಓಟಿಪಿ ಬಂದದ ನೋಡ್ರಿ, ಸ್ವಲ್ಪ ಹೇಳ್ರಿ” ಎಂದು ಕೇಳುತ್ತಾನೆ. ಸಾಹೇಬರು ಸಭೆಯ ನಡುವೆಯೇ ಧ್ವನಿ ತಗ್ಗಿಸಿ ಆರು ಅಂಕಿಗಳನ್ನು ಹೇಳುತ್ತಾರೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಇಬ್ಬರೂ ಜನರ ಕೆಲಸ ನಿಲ್ಲಬಾರದೆಂದು ಬಯಸಿದವರೇ. ತೊಡಕಿರುವುದೇ ಅಲ್ಲಿ.

ಆದುದರಿಂದ ಕೆಲಸದ ಸ್ಥಳದ ಪಾಸ್‌ವರ್ಡಿಗೆ ಎರಡು ಬಗೆಯ ಬಲ ಬೇಕಾಗುತ್ತದೆ. ಊಹೆಗೆ ಸಿಕ್ಕದಿರುವ ಬಲವೊಂದು, ಕೈತಪ್ಪದಿರುವ ಬಲ ಇನ್ನೊಂದು. ಮೊದಲನೆಯದು ಗಣಿತಕ್ಕೆ ಸೇರಿದುದು. ಅರ್ಧ ಗಂಟೆಯ ಶ್ರಮದಿಂದ ಅದನ್ನು ಯಾರಾದರೂ ಗಳಿಸಬಹುದು. ಎರಡನೆಯದು ಕಚೇರಿಯ ನಡವಳಿಕೆಗೆ ಸೇರಿದುದು, ಅದು ದುರ್ಲಭ.

ಗಣಕಕ್ಕೆ ಪಾಸ್‌ವರ್ಡಿನ ಕಾವಲು ಬಂದುದು 1960ರ ದಶಕದ ಆದಿಯಲ್ಲಿ, ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೋ ಎಂಬ ವಿಜ್ಞಾನಿಯ ನೇತೃತ್ವದಲ್ಲಿ, ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ವ್ಯವಸ್ಥೆ ರೂಪುಗೊಂಡಾಗ. ಅಲ್ಲಿಯೇ 1962ರಲ್ಲಿ ಆಲನ್ ಷೆರ್ ಎಂಬ ಸಂಶೋಧಕನು, ತನಗೆ ಗೊತ್ತುಪಡಿಸಿದ್ದ ಗಣಕಕಾಲ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿ ಕೊಡುವಂತೆ ಯಂತ್ರಕ್ಕೆ ರಂಧ್ರಪತ್ರದ ಮೂಲಕ ಆಜ್ಞಾಪಿಸಿ, ಬೇರೆಯವರ ಹೆಸರಿನಲ್ಲಿ ಕೆಲಸ ಮುಂದುವರಿಸಿದನು. 1966ರಲ್ಲಿ ಎರಡು ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆ ಕಾಣಬೇಕಾಗಿದ್ದಲ್ಲಿ ಎಲ್ಲರ ಪಾಸ್‌ವರ್ಡುಗಳೂ ಎಲ್ಲರ ಮುಂದೆ ಮೂಡಿದುವು. ಪಾಸ್‌ವರ್ಡುಗಳನ್ನು ಇದ್ದಂತೆಯೇ ಬರೆದಿಡಬಾರದೆಂಬುದು ಹೀಗೆ ಅನುಭವದಿಂದ ತಿಳಿಯಿತು.

ಅದಕ್ಕೆ ಗಣಿತಜ್ಞರು ಕಂಡುಕೊಂಡ ಉಪಾಯ ಏಕಮುಖವಾದ ಒಂದು ಕ್ರಿಯೆ. ಹ್ಯಾಷ್ ಎಂದು ಅದಕ್ಕೆ ಹೆಸರು. ಜೋಳವನ್ನು ಗಿರಣಿಗೆ ಹಾಕಿದರೆ ಹಿಟ್ಟಾಗುವುದು, ಹಿಟ್ಟಿನಿಂದ ಜೋಳವನ್ನು ಮರಳಿ ಪಡೆಯುವಂತಿಲ್ಲ. ಹಾಗೆಯೇ ಒಂದು ಪಾಸ್‌ವರ್ಡಿನಿಂದ ಯಾವಾಗಲೂ ಒಂದೇ ಅಕ್ಷರರಾಶಿ ಹೊರಬರುತ್ತದೆ, ಆ ರಾಶಿಯಿಂದ ಪಾಸ್‌ವರ್ಡನ್ನು ಹಿಂದಿರುಗಿಸಲಾಗದು. ಗಣಕವು ಕಡತದಲ್ಲಿ ಈ ರಾಶಿಯನ್ನು ಮಾತ್ರ ಇಟ್ಟುಕೊಂಡು, ನೀವು ಒತ್ತಿದುದನ್ನು ಮತ್ತೆ ಅದೇ ಕ್ರಿಯೆಗೆ ಒಳಪಡಿಸಿ, ಎರಡೂ ತಾಳೆಯಾದರೆ ಒಳಗೆ ಬಿಡುತ್ತದೆ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬಿಬ್ಬರು 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಪ್ರತಿಯೊಬ್ಬರ ಪಾಸ್‌ವರ್ಡಿನೊಡನೆ ಯಾದೃಚ್ಛಿಕವಾದ ಕೆಲವು ಅಂಶಗಳನ್ನು ಬೆರೆಸುವ ಪದ್ಧತಿಯನ್ನು ವಿವರಿಸಿದರು. ಇದಕ್ಕೆ ಶಾಸ್ತ್ರಜ್ಞರು ಉಪ್ಪು ಎಂದೇ ಹೆಸರಿಟ್ಟಿದ್ದಾರೆ. ಇಬ್ಬರದು ಒಂದೇ ಪಾಸ್‌ವರ್ಡಾದರೂ ಕಡತದಲ್ಲಿ ಬೇರೆ ಬೇರೆಯಾಗಿ ಕಾಣುವುದು ಇದರಿಂದ. ಅದೇ ಲೇಖನದಲ್ಲಿ ಅವರು ಕೊಟ್ಟ ಒಂದು ಲೆಕ್ಕ ಇನ್ನೂ ಮನೋಜ್ಞವಾದುದು: ತಾವು ಸಂಗ್ರಹಿಸಿದ 3,289 ಪಾಸ್‌ವರ್ಡುಗಳಲ್ಲಿ ಶೇಕಡ 86ರಷ್ಟು ತೀರ ಗಿಡ್ಡವಾದುವು, ಇಲ್ಲವೆ ನಿಘಂಟಿನಲ್ಲಿಯೋ ಹೆಸರುಗಳ ಪಟ್ಟಿಯಲ್ಲಿಯೋ ಸಿಕ್ಕುವಂಥವು. ಬಳಸಿದವರು ಪಾಮರರಲ್ಲ, ಗಣಕದ ಬಳಕೆಯನ್ನು ಬಲ್ಲವರೇ. ಮೂವತ್ತು ವರ್ಷಗಳ ಮೇಲೆ, 2009ರಲ್ಲಿ, ರಾಕ್‌ಯೂ ಎಂಬ ಸಂಸ್ಥೆಯಿಂದ ಸೋರಿಹೋದ ಮೂರು ಕೋಟಿಗೂ ಹೆಚ್ಚಿನ ಪಾಸ್‌ವರ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಆರಿಸಿಕೊಂಡಿದ್ದುದು 123456 ಎಂಬುದನ್ನು. ಮನುಷ್ಯಸ್ವಭಾವ ಬದಲಾಗುವುದು ನಿಧಾನ.

ಕಡತವನ್ನು ಕದ್ದ ಚೋರನು ಹ್ಯಾಷನ್ನು ಬಿಡಿಸುವ ಗೋಜಿಗೆ ಹೋಗುವುದಿಲ್ಲ; ಒಂದೊಂದೇ ಊಹೆಯನ್ನು ಅದೇ ಕ್ರಿಯೆಗೆ ಒಳಪಡಿಸಿ ಫಲವನ್ನು ಹೋಲಿಸುತ್ತ ಹೋಗುತ್ತಾನೆ. ಜಾಲತಾಣದ ಮುಂಬಾಗಿಲಲ್ಲಾದರೆ ನಾಲ್ಕೈದು ತಪ್ಪಿಗೆ ಖಾತೆ ಬೀಗ ಹಾಕಿಕೊಳ್ಳುವುದು. ಕದ್ದ ಕಡತಕ್ಕೆ ಆ ತಡೆಯಿಲ್ಲ. ಸೆಕೆಂಡಿಗೆ ಸಾವಿರ ಕೋಟಿ ಊಹೆಗಳನ್ನು ಮಾಡಬಲ್ಲ ಯಂತ್ರವನ್ನು ಕಲ್ಪಿಸಿಕೊಳ್ಳೋಣ. ಹಳೆಯ, ವೇಗದ ಹ್ಯಾಷ್ ಕ್ರಿಯೆಗಳ ಮಟ್ಟಿಗೆ ಇದು ಅತಿಶಯೋಕ್ತಿಯಲ್ಲ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡು ಒಟ್ಟು 20,882 ಕೋಟಿ ಬಗೆಗಳಲ್ಲಿ ಇರಬಹುದು. ದೊಡ್ಡ ಸಂಖ್ಯೆಯೆಂದು ತೋರಿದರೂ ಈ ಯಂತ್ರಕ್ಕೆ ಅದು ಇಪ್ಪತ್ತೊಂದು ಸೆಕೆಂಡುಗಳ ಕೆಲಸ. ದೊಡ್ಡಕ್ಷರ, ಅಂಕಿ, ಚಿಹ್ನೆಗಳನ್ನೆಲ್ಲ ಸೇರಿಸಿ ಕೀಲಿಮಣೆಯ 95 ಗುರುತುಗಳಿಂದ ನಿಜವಾಗಿಯೂ ಯಾದೃಚ್ಛಿಕವಾಗಿ ಎಂಟನ್ನು ಆರಿಸಿದರೂ ಎಂಟು ದಿನ ತುಂಬುವುದಿಲ್ಲ. ಹುಟ್ಟಿದ ದಿನಾಂಕವನ್ನಿಟ್ಟವರ ಪಾಡನ್ನು ಹೇಳುವುದೇ ಬೇಡ: ನೂರು ವರ್ಷಗಳಲ್ಲಿರುವ ದಿನಗಳೆಲ್ಲ ಕೂಡಿ 36,525.

ಇನ್ನು ನಮ್ಮ ಕಚೇರಿಗಳ ಅಚ್ಚುಮೆಚ್ಚಿನ ಮಾದರಿಯನ್ನು ನೋಡಬೇಕು. ಊರಿನದೋ ಮಗುವಿನದೋ ಹೆಸರು, ಮೊದಲಕ್ಷರ ದೊಡ್ಡದು, ಆಮೇಲೆ @, ಅದರ ಮುಂದೆ 123. ‘ಬೀದರ್@123’ ಎಂದು ಇಂಗ್ಲಿಷಿನಲ್ಲಿ ಒತ್ತಿದರೆ ದೊಡ್ಡಕ್ಷರ, ಸಣ್ಣಕ್ಷರ, ಚಿಹ್ನೆ, ಅಂಕಿ, ಎಂಟಕ್ಕೆ ಮೀರಿದ ಉದ್ದ ಎಂಬ ನಿಯಮಗಳೆಲ್ಲ ಪಾಲನೆಯಾಗಿ, ಗಣಕವು ಹಸುರು ಬಣ್ಣದಲ್ಲಿ ಪ್ರಶಂಸೆಯನ್ನೂ ಸೂಚಿಸುವುದು. ಚೋರನು ಮಾಡಬೇಕಾದುದಿಷ್ಟೆ: ಭಾರತದ ಒಂದು ಲಕ್ಷ ಹೆಸರುಗಳನ್ನೂ ಊರುಗಳನ್ನೂ ಪಟ್ಟಿಮಾಡಿ, ಒಂದೊಂದಕ್ಕೂ @ ಮತ್ತು ಮೂರು ಅಂಕಿಗಳ ಸಾವಿರ ಬಗೆಗಳನ್ನು ಜೋಡಿಸುವುದು. ಒಟ್ಟು ಹತ್ತು ಕೋಟಿ ಊಹೆ. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಮುಗಿಯಿತು. ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ಕಟ್ಟಳೆಯಿರುವಲ್ಲಿ 123 ಎಂಬುದು 124 ಆಗುವುದು, ಅಷ್ಟೆ. ಈ ನಿಯಮಗಳನ್ನು ಲೋಕಕ್ಕೆ ಹರಡಿದ ಅಮೆರಿಕದ ಮಾನಕಗಳ ಸಂಸ್ಥೆಯಾದ ಎನ್‌ಐಎಸ್‌ಟಿಯ ಕೈಪಿಡಿಯ ಭಾಗವನ್ನು ಬರೆದ ಬಿಲ್ ಬರ್ ಎಂಬುವರೇ 2017ರಲ್ಲಿ ತಾವು ಬರೆದುದಕ್ಕಾಗಿ ವಿಷಾದಿಸಿದರು. ಅದೇ ವರ್ಷ ಆ ಸಂಸ್ಥೆಯು ಚಿಹ್ನೆ-ಅಂಕಿಗಳ ಬಲಾತ್ಕಾರವನ್ನೂ ಕಾರಣವಿಲ್ಲದ ಆವರ್ತಕ ಬದಲಾವಣೆಯನ್ನೂ ಕೈಬಿಡಹೇಳಿ, ಉದ್ದಕ್ಕೆ ಮಹತ್ತ್ವ ಕೊಟ್ಟು, ಈಗಾಗಲೇ ಸೋರಿಹೋದ ಪಾಸ್‌ವರ್ಡುಗಳನ್ನು ನಿರಾಕರಿಸಬೇಕೆಂದು ವಿಧಿಸಿತು. ನಮ್ಮ ಅನೇಕ ತಂತ್ರಾಂಶಗಳು ಇನ್ನೂ ಹಳೆಯ ಪಾಠವನ್ನೇ ಒಪ್ಪಿಸುತ್ತಿರುವುದು ಖೇದಕರ.

ಹಾಗಾದರೆ ಗಟ್ಟಿಯಾದುದನ್ನು ಕಟ್ಟುವ ಬಗೆ ಹೇಗೆ? ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 1995ರಲ್ಲಿ ಸೂಚಿಸಿದ ಕ್ರಮದಲ್ಲಿ ದಾಳವನ್ನು ಐದು ಸಲ ಉರುಳಿಸಿ 7,776 ಪದಗಳ ಪಟ್ಟಿಯಿಂದ ಒಂದು ಪದವನ್ನು ಆರಿಸುತ್ತಾರೆ. ನಮ್ಮ ಯಂತ್ರಕ್ಕೆ ಅಂಥ ನಾಲ್ಕು ಪದಗಳನ್ನು ಬಿಡಿಸಲು ನಾಲ್ಕು ದಿನ ಸಾಕು. ಐದಕ್ಕೆ ತೊಂಬತ್ತು ವರ್ಷ. ಆರಕ್ಕೆ ಏಳು ಲಕ್ಷ ವರ್ಷ. ಒಂದೊಂದು ಪದವೂ ಶ್ರಮವನ್ನು ಏಳು ಸಾವಿರಕ್ಕೂ ಹೆಚ್ಚು ಮಡಿ ಹಿಗ್ಗಿಸುವ ಈ ಗುಣಾಕಾರದ ವೈಭವವನ್ನು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಭಾಲ್ಕಿಯಲ್ಲಿಯೋ ಔರಾದಿನಲ್ಲಿಯೋ ಇರುವ ಓದುಗರು ಇಂಗ್ಲಿಷ್ ಪಟ್ಟಿಯನ್ನು ಹುಡುಕಬೇಕಾದುದಿಲ್ಲ. ಸಾವಿರ ಪುಟಕ್ಕೆ ಕಡಮೆಯಿಲ್ಲದ ಒಂದು ಕನ್ನಡ ನಿಘಂಟನ್ನು ತೆಗೆದುಕೊಳ್ಳಿ. 0ಯಿಂದ 9ರವರೆಗೆ ಬರೆದ ಹತ್ತು ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿ, ಒಂದನ್ನೆತ್ತಿ ಅಂಕಿಯನ್ನು ಬರೆದುಕೊಂಡು, ಚೀಟಿಯನ್ನು ಮರಳಿ ಹಾಕಿ, ಹೀಗೆ ಮೂರು ಸಲ ಎತ್ತಿದರೆ ಪುಟದ ಸಂಖ್ಯೆ ದೊರೆಯುವುದು. ಮೂರೂ ಸೊನ್ನೆಯಾದರೆ ಸಾವಿರನೆಯ ಪುಟ. ಆ ಪುಟದ ಮೊದಲ ಪದವನ್ನು ಬರೆದುಕೊಳ್ಳಿ. ಕೊಡಲಿ ಬಂದಿತು, ಆಮೇಲೆ ನೊರೆ, ಆಮೇಲೆ ಯಾವುದೋ ವಿಕಾರವಾದ ಪದ. ಅದು ಹಿಡಿಸಲಿಲ್ಲವೆಂದು ಬದಲಿಸಕೂಡದು. ಬದಲಿಸಿದೊಡನೆಯೇ ಯಾದೃಚ್ಛಿಕತೆಯ ಜಾಗದಲ್ಲಿ ನಿಮ್ಮ ಅಭಿರುಚಿ ಬಂದು ಕುಳಿತುಕೊಳ್ಳುವುದು, ಅಭಿರುಚಿಯನ್ನು ಊಹಿಸಬಹುದು. ಇಂಥ ಏಳು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಒಂದರ ಮುಂದೊಂದು ಒತ್ತಿದರೆ, ನೀವು ಬಳಸಿದ ನಿಘಂಟು ಯಾವುದೆಂಬುದು ಚೋರನಿಗೆ ತಿಳಿದಿದ್ದರೂ, ಎಲ್ಲ ಸಾಧ್ಯತೆಗಳನ್ನೂ ಅವನು ಮುಗಿಸುವುದಕ್ಕೆ ಮೂರು ಸಾವಿರ ವರ್ಷಗಳಿಗೂ ಹೆಚ್ಚು ಬೇಕು.

ಚೋರನಿಗೆ ತಿಳಿದಿದ್ದರೂ ಎಂಬ ಮಾತು ಮುಖ್ಯವಾದುದು. ಗುಪ್ತಲಿಪಿಯ ಪದ್ಧತಿಯು ಶತ್ರುವಿನ ಕೈಗೆ ಸಿಕ್ಕಿದರೂ ಕೀಲಿಯೊಂದೇ ರಹಸ್ಯವನ್ನು ಕಾಯುವಂತಿರಬೇಕೆಂಬ ತತ್ತ್ವವನ್ನು ಅಗಸ್ತ್ ಕೆರ್ಕಾಫ್ಸ್ 1883ರಲ್ಲಿಯೇ ವಿಧಿಸಿದನು. ಕನ್ನಡ, ಮರಾಠಿ, ದಖನಿ, ತೆಲುಗು ಒಂದೇ ಓಣಿಯಲ್ಲಿ ಕೇಳಿಬರುವ ಬೀದರಿನವರಲ್ಲಿ ಕೆಲವರಿಗೆ, ನಮ್ಮ ಮಾತು ದೂರದ ಕಳ್ಳನಿಗೆ ಹೇಗೆ ತಿಳಿದೀತೆಂಬ ಧೈರ್ಯವುಂಟು. ಅದು ಹುಸಿ ಧೈರ್ಯ. ಕಳ್ಳನ ಬಳಿ ಇರುವುದು ವ್ಯಾಕರಣಜ್ಞಾನವಲ್ಲ, ಜಗತ್ತಿನ ನಾನಾ ಜನರಿಂದ ಸೋರಿಹೋದ ಪಾಸ್‌ವರ್ಡುಗಳ ರಾಶಿ. ಅದರಲ್ಲಿ ನಮ್ಮವರ ಮನೆದೇವರ ಹೆಸರುಗಳೂ ಇವೆ.

ಪ್ರತಿಯೊಂದು ಖಾತೆಗೂ ಬೇರೆ ಬೇರೆ ಏಳು ಪದಗಳನ್ನು ನೆನಪಿಡುವುದು ಸಾಧ್ಯವಿಲ್ಲ. ಕೆಲವು ಜಾಲತಾಣಗಳು ಅಷ್ಟು ಉದ್ದವನ್ನು ಒಪ್ಪುವುದೂ ಇಲ್ಲ. ಆ ಪದಮಾಲೆಯಿಂದ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶವೊಂದನ್ನು ತೆರೆದು, ಉಳಿದುವನ್ನು ಅದೇ ಹುಟ್ಟಿಸಿ ನೆನಪಿಟ್ಟುಕೊಳ್ಳುವಂತೆ ಮಾಡುವುದು ಸುಖದ ಮಾರ್ಗ. ಮ್ಯಾನೇಜರ್ ಬೇಡವೆನ್ನುವವರು ಕಾಗದದಲ್ಲಿ ಬರೆದು ಬೀಗವಿರುವ ಅಲಮಾರಿಯಲ್ಲಿಡಲಿ. ಮಾನಿಟರಿಗೆ ಅಂಟಿಸುವುದಕ್ಕಿಂತಲೂ, ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಡುವುದಕ್ಕಿಂತಲೂ ಅದು ಎಷ್ಟೋ ಮೇಲು. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಇಂಧನ ಸಂಸ್ಥೆಗೆ 2021ರಲ್ಲಿ ಚೋರರು ನುಗ್ಗಿದುದು ಸೋರಿಹೋಗಿದ್ದ ಒಂದೇ ಒಂದು ಪಾಸ್‌ವರ್ಡಿನಿಂದ, ಎರಡನೆಯ ತಪಾಸಣೆಯಿಲ್ಲದ ಒಂದು ಹಳೆಯ ಖಾತೆಯ ಮೂಲಕ. ಸಂಸ್ಥೆ 44 ಲಕ್ಷ ಡಾಲರುಗಳಷ್ಟು ಒತ್ತೆಹಣ ತೆರಬೇಕಾಯಿತು.

ಇಷ್ಟು ಗಣಿತವಾಯಿತು. ಕಾಯುವ ವಿಚಾರದಲ್ಲಿ ಕರ್ನಾಟಕವು ಕೈಗೊಂಡ ಒಂದು ಪ್ರಯೋಗ ಸ್ಮರಣಾರ್ಹವಾಗಿದೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯು 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಾಗ, ಖಾತೆ ಬದಲಾವಣೆಯನ್ನು ನಮೂದಿಸುವ ನೌಕರರು ಪಾಸ್‌ವರ್ಡಿನಿಂದಲ್ಲದೆ ಬೆರಳಚ್ಚಿನಿಂದ ಒಳಹೊಗಬೇಕೆಂದು ಗೊತ್ತುಮಾಡಲಾಯಿತು. ಮಾಡಿದವನು ನಾನಲ್ಲ, ಯಾರೋ ನನ್ನ ಪಾಸ್‌ವರ್ಡು ಬಳಸಿದರು ಎಂಬ ಮಾತಿಗೆ ಅವಕಾಶವಿರಬಾರದೆಂಬುದು ಅದರ ಉದ್ದೇಶ. ಯೋಚನೆ ಉತ್ತಮವಾದುದೇ. ಆದರೆ ಬೆರಳಚ್ಚು ಗುರುತೇ ಹೊರತು ರಹಸ್ಯವಲ್ಲ. ಮುಟ್ಟಿದಲ್ಲೆಲ್ಲ ಅದನ್ನು ಬಿಟ್ಟುಹೋಗುತ್ತೇವೆ. ನೋಂದಣಿ ದಸ್ತಾವೇಜುಗಳಲ್ಲಿದ್ದ ಬೆರಳಚ್ಚುಗಳ ಪ್ರತಿಗಳಿಂದ ಆಧಾರ್ ಮೂಲಕ ಬ್ಯಾಂಕಿನ ಹಣ ತೆಗೆದ ವಂಚನೆಗಳು ನಮ್ಮ ರಾಜ್ಯದಲ್ಲಿ 2023ರಲ್ಲಿ ಬಯಲಾದುವು. ಸೋರಿದ ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಈಚಿನ ಡಿಜಿಟಲ್ ಸಹಿ ಇನ್ನೂ ಸೂಕ್ಷ್ಮವಾದ ಸಾಧನ. ಡೋಂಗಲು ಎಂಬ, ಗಣಕಕ್ಕೆ ಸಿಕ್ಕಿಸುವ ಪುಟ್ಟ ಸಾಧನದೊಳಗಿನ ಸಹಿಯ ಕೀಲಿಯನ್ನು ನಕಲು ಮಾಡಿ ಹೊರತೆಗೆಯಲು ಬಾರದು. ಸಹಿಯು ಆ ದಸ್ತಾವೇಜಿನ ಪ್ರತಿಯೊಂದು ಅಕ್ಷರಕ್ಕೂ ಬದ್ಧವಾಗಿರುವುದರಿಂದ, ಆಮೇಲೆ ಒಂದು ಅಂಕಿಯನ್ನು ತಿದ್ದಿದರೂ ಸಹಿ ಸುಳ್ಳಾಗುವುದು. ಖಾಲಿ ಕಾಗದಕ್ಕೆ ಮೊದಲು ಮುದ್ರೆ, ಬಳಿಕ ಒಕ್ಕಣೆ ಎಂಬ ಪ್ರಾಚೀನ ಮೋಸವನ್ನು ಗಣಿತವು ಹೀಗೆ ಬೇರುಸಹಿತ ಕಿತ್ತಿದೆ. ಕೀಳಲಾಗದೆ ಉಳಿದವನು ಮುದ್ರೆಯನ್ನು ಕಾಯುವ ಸೇವಕ. ಬೆಳಿಗ್ಗೆ ಗಣಕಕ್ಕೆ ಸಿಕ್ಕಿಸಿದ ಡೋಂಗಲು ಸಂಜೆಯವರೆಗೆ ಅಲ್ಲಿಯೇ ಇದ್ದು, ಅದರ ಪಿನ್ ಆಪರೇಟರನಿಗೆ ಬಾಯಿಪಾಠವಾಗಿ, ನಲವತ್ತು ಅರ್ಜಿಗಳನ್ನು ತೆರೆದು ನೋಡದೆ ಒಂದೇ ಗುಂಡಿಯಿಂದ ಸಹಿಮಾಡುವ ಪದ್ಧತಿ ಬೇರೂರಿದಲ್ಲಿ, ಗಣಿತ ಎಷ್ಟು ಉನ್ನತವಾದರೂ ಏನು ಮಾಡೀತು? ನ್ಯಾಯಾಲಯದ ಮುಂದೆ ನಿಲ್ಲುವುದು ಸಹಿಯ ಒಡೆಯನ ಹೆಸರು. ಅತ್ತ, ಬೇರೊಬ್ಬರ ಪಾಸ್‌ವರ್ಡನ್ನೋ ಡಿಜಿಟಲ್ ಸಹಿಯನ್ನೋ ವಂಚನೆಯಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಪ್ರಕರಣದ ಮೇರೆಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ.

ಈ ಪುಟಗಳನ್ನು ಓದುವ ಅಧಿಕಾರಿಗಳಲ್ಲಿ ಒಂದು ವಿಜ್ಞಾಪನೆ. ಆಪರೇಟರನನ್ನು ಗದರಿಸುವುದರಿಂದ ಏನೂ ಆಗದು. ಅವನಿಗೆ ಅವನದೇ ಹೆಸರಿನ, ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವುಳ್ಳ ಲಾಗಿನ್ನನ್ನು ಕೊಡಿಸಿ. ರಜೆಯ ಮೇಲೆ ಹೋಗುವಾಗ ಪಾಸ್‌ವರ್ಡನ್ನು ಬಿಟ್ಟುಹೋಗದೆ, ಲಿಖಿತ ಆದೇಶದಿಂದ ಪ್ರಭಾರವನ್ನು ಒಪ್ಪಿಸಿ. ಊಟಕ್ಕೇಳುವಾಗ ಡೋಂಗಲನ್ನು ಜೇಬಿಗೆ ಹಾಕಿಕೊಳ್ಳಿ. ಓಟಿಪಿಯನ್ನು ಯಾರು ಕೇಳಿದರೂ, ಜಿಲ್ಲಾ ಕೇಂದ್ರದಿಂದ ಮಾತಾಡುತ್ತಿದ್ದೇವೆಂದವರು ಕೇಳಿದರೂ, ಹೇಳಬೇಡಿ. ಪಾಸ್‌ವರ್ಡು ಕೈತಪ್ಪಿತೆಂಬ ಸಂಶಯ ಬಂದೊಡನೆಯೇ ಸಂಕೋಚಪಡದೆ ಮೊದಲು ಅದನ್ನು ಬದಲಿಸಿ, ಬಳಿಕ ಮೇಲಿನವರಿಗೆ ತಿಳಿಸಿ. ಸಂಸ್ಥೆಗಳು ತಮ್ಮ ಗಣಕಗಳ ಮೇಲೆ ಹೀಗೆ ನಡೆದ ಆಕ್ರಮಣವನ್ನು ಆರು ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು, ಅದೂ ಆ ಕ್ಷಣವೇ; ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುವ ಹಣವನ್ನು ತಡೆಯಲು ಬ್ಯಾಂಕುಗಳಿಗೆ ದೊರೆಯುವ ಅವಧಿ ಬಹಳ ಕಿರಿದು.